ಸರ್ಟಿಫಿಕೇಟ್ ಹೊಸದು, ಕಾರು ಹಳೇದು

ಟಾಪ್ ತೆಗೆದು ಓಡಿಸುವಂಥ ಒಂದು ಸ್ಪೋರ್ಟ್ಸ್ ಕಾರ್ ತಗೋಬೇಕು ಅನ್ನೋ ಹುಚ್ಚು ನನಗೆ ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗಲೇ ಇತ್ತು. ಅಲ್ಲಿ ಅದು ಬರೀ ಕನಸು. ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದು ನೋಡಿದರೆ, 20 ವರ್ಷ ಹಳೆಯ ಮಜ್ದಾ ಎಂಎಕ್ಸ್-5 ಒಂದು ಒಳ್ಳೇ ಗೇಮಿಂಗ್ ಲ್ಯಾಪ್‌ಟಾಪಿನ ಬೆಲೆಗೆ ಸಿಗುತ್ತೆ! 1989ರಲ್ಲಿ ಶುರುವಾಗಿ 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾದ ಕಾರಿದು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು.

ನಾನು ತಗೊಂಡಿದ್ದು 2002ರ ಮಾಡೆಲ್, 2,300 ಪೌಂಡ್. ಜಾಹೀರಾತಿನಲ್ಲಿ ಇದ್ದಿದ್ದು ಎರಡೇ ಸಾಲು: ‘12 ತಿಂಗಳ ಎಂಒಟಿ ಇದೆ. ಓಡಿಸಲು ಸೂಪರ್.’

ಎಂಒಟಿ ಅಂದರೆ ನಮ್ಮ ಎಫ್‌ಸಿ ಇದ್ದ ಹಾಗೆ. ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ಯಾರೂ ಕೇಳುವುದಿಲ್ಲ, ಆಗಾಗ ಹೊಗೆ ಟೆಸ್ಟ್ ಮಾಡಿಸಿದರೆ ಸಾಕು. ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷ ತುಂಬಿತೋ, ಅಲ್ಲಿಂದ ಪ್ರತಿವರ್ಷ ಪರೀಕ್ಷೆ. 1960ರಲ್ಲಿ ಶುರುವಾದಾಗ 10 ವರ್ಷ ದಾಟಿದ ವಾಹನಗಳಿಗಷ್ಟೇ ಇತ್ತಂತೆ. 1967ಕ್ಕೆ 3 ವರ್ಷಕ್ಕೆ ಇಳಿಸಿದರು. ಇಷ್ಟು ಕಟ್ಟುನಿಟ್ಟಿನ ದೇಶದಲ್ಲಿ, ಹೋದ ವಾರ ಪಾಸಾದ ಕಾರು! ಇನ್ನೇನು ನೋಡುವುದು ಅಂತ ದುಡ್ಡು ಕೊಟ್ಟು ಕೀ ತಗೊಂಡೆ.

ಎರಡು ತಿಂಗಳಿಗೆ ಅಪ್ಪ ಊರಿಂದ ಬಂದರು. ಅಪ್ಪ ಮೂವತ್ತು ವರ್ಷ ಖಾಸಗಿ ಬಸ್ಸುಗಳ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಕಾರು ತೋರಿಸಿದೆ. ಮೆಚ್ಚಿಕೊಂಡರು, ಫೋಟೋ ತೆಗೆಸಿಕೊಂಡರು. ಆಮೇಲೆ ಮನೆ ಬೀಗದ ಕೈ ಹಿಡಿದು ಕುಕ್ಕರಗಾಲಲ್ಲಿ ಕೂತು, ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ತಗಡನ್ನ ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಹೋದರು. ಇಲ್ಲಿನವರು ಅದನ್ನ ಸಿಲ್ ಅಂತಾರೆ. ಮುಂದೆ ಟಣ್ ಟಣ್ ಅಂತಿತ್ತು. ಹಿಂದಿನ ಚಕ್ರದ ಹತ್ತಿರ ಬಂದಾಗ ಶಬ್ದ ಬದಲಾಗಿ ದಪ್ ದಪ್ ಅಂತು.

“ಇಲ್ಲಿ ಕಬ್ಬಿಣ ಇಲ್ಲ ಕಣೋ.”

“ಅಪ್ಪ, ಸುಮ್ನಿರು. ಮೊನ್ನೆ ಮೊನ್ನೆ ಪಾಸಾಗಿದೆ.”

“ಪಾಸಾಗಿರಬಹುದು. ಕಬ್ಬಿಣ ಇಲ್ಲ.”

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಅಪ್ಪನಿಗೆ ಇಲ್ಲಿನ ಪದ್ಧತಿ ಗೊತ್ತಿಲ್ಲ ಅಂದುಕೊಂಡೆ. ಅವರ ಬಾಯಿ ಮುಚ್ಚಿಸೋಣ ಅಂತಲೇ ಆ ಶನಿವಾರ ವೆಲ್ಡಿಂಗ್ ಮಾಡುವ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆ. ಅವನು ಲಿಫ್ಟ್ ಮೇಲೆ ಎತ್ತಿ, ಕಪ್ಪು ಅಂಡರ್‌ಸೀಲ್ ಕೆರೆದು, ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯ್ತು. ಕೆಳಗೆ ಬಿದ್ದಿದ್ದು ತುಕ್ಕಿನ ಪುಡಿ ಮತ್ತು ಪುಟ್ಟಿ. ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಈ ಕಾರಿನ ಹಣೆಬರಹವೇ ಹೀಗೆ ಅಂತ ಆಮೇಲೆ ತಿಳೀತು. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಸಣ್ಣ ಪೈಪುಗಳಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ ಹೊರಗೆ ಹೋಗಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಸಿಲ್ ಒಳಗೇ ನಿಲ್ಲುತ್ತೆ. ಚಳಿಗಾಲದಲ್ಲಿ ಹಿಮಕ್ಕೆ ಅಂತ ರಸ್ತೆಗೆ ಸುರಿಯುವ ಉಪ್ಪು ಬೇರೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುವುದರಿಂದ, ಕಣ್ಣಿಗೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರೋದಿಲ್ಲ. ಮಾಮೂಲಿ ಕಾರಿನಲ್ಲಿ ಗಟ್ಟಿತನಕ್ಕೆ ಮೇಲ್ಛಾವಣಿಯೂ ಹೆಗಲು ಕೊಡುತ್ತೆ. ಇದಕ್ಕೆ ಛಾವಣಿಯೇ ಇಲ್ಲ, ಭಾರವೆಲ್ಲ ಕೆಳಗಿನ ಸಿಲ್‌ಗಳ ಮೇಲೆ. ಪಕ್ಕದಿಂದ ಯಾರಾದರೂ ಗುದ್ದಿದ್ದರೆ? ಆ ಎರಡು ತಿಂಗಳಲ್ಲಿ ನನ್ನ ಹೆಂಡತಿಯನ್ನ ಎಷ್ಟು ಸಲ ಮೋಟಾರ್‌ವೇಯಲ್ಲಿ ಕರೆದುಕೊಂಡು ಹೋಗಿದ್ದೆ ಅಂತ ಲೆಕ್ಕ ಹಾಕಿ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದರೆ ಪರೀಕ್ಷೆ ಮಾಡಿದವನು ಕಳ್ಳನೇ? ಮೊದಲು ಹಾಗೇ ಅಂದುಕೊಂಡೆ. ನಿಯಮ ಓದಿದ ಮೇಲೆ ಅಷ್ಟು ಖಾತ್ರಿಯಾಗಿ ಹೇಳೋಕಾಗಲ್ಲ ಅನ್ನಿಸ್ತು. ಎಂಒಟಿಯಲ್ಲಿ ಬ್ರೇಕು, ಲೈಟು, ಟೈರು, ಸ್ಟಿಯರಿಂಗ್, ಸೀಟ್ ಬೆಲ್ಟ್, ಹೊಗೆ ಎಲ್ಲ ನೋಡುತ್ತಾರೆ. ಬಾಡಿಯ ತುಕ್ಕನ್ನೂ ನೋಡುತ್ತಾರೆ. ಆದರೆ ಏನನ್ನೂ ಬಿಚ್ಚುವ ಹಾಗಿಲ್ಲ. ಬೆರಳಲ್ಲಿ ಒತ್ತಬಹುದು, ಹಗುರವಾಗಿ ತಟ್ಟಬಹುದು. ಚುಚ್ಚಿ ತೂತು ಮಾಡುವ ಹಾಗಿಲ್ಲ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿದೆ ಅನ್ನುವುದು ಆ ಪರೀಕ್ಷೆಗೆ ಸೇರಿಯೇ ಇಲ್ಲ! ಅದು ಒಂದು ದಿನ, ಸುಮಾರು ಒಂದು ಗಂಟೆ, ಕಣ್ಣಿಗೆ ಕಂಡಷ್ಟರ ಲೆಕ್ಕ. ನಾನು ಅದನ್ನ ಇಡೀ ವರ್ಷದ ಗ್ಯಾರಂಟಿ ಅಂದುಕೊಂಡಿದ್ದೆ.

ನನ್ನ ನಿಜವಾದ ತಪ್ಪು ಬೇರೆ ಇತ್ತು. ಇಲ್ಲಿ ಯಾವುದೇ ಕಾರಿನ ನಂಬರ್ ಹಾಕಿದರೆ 2005ರಿಂದ ಈಚಿನ ಎಂಒಟಿ ಚರಿತ್ರೆ ಪೂರ್ತಿ, ಫೋನಿನಲ್ಲೇ, ಪುಕ್ಕಟೆ ಸಿಗುತ್ತೆ. ಕಿಲೋಮೀಟರ್ ಬದಲು ಮೈಲಿ ಲೆಕ್ಕ, ಫೇಲಾಗಿದ್ದಕ್ಕೆ ಕಾರಣ, ಜೊತೆಗೆ ‘ಅಡ್ವೈಸರಿ’. ಅಂದರೆ, ಈಗ ಪಾಸು, ಆದರೆ ಇದರ ಮೇಲೆ ಕಣ್ಣಿಡಿ ಅನ್ನುವ ಸೂಚನೆ. ನಾನು ಹಸಿರು ಬಣ್ಣದ ‘ಪಾಸ್’ ನೋಡಿ ಮುಚ್ಚಿದ್ದೆ. ಈಗ ಕೂತು ಹಿಂದಿನಿಂದ ಓದಿದೆ. ಮೂರು ವರ್ಷ ಸತತವಾಗಿ ‘ಎರಡೂ ಕಡೆ ಸಿಲ್ ತುಕ್ಕು’ ಅಂತಿದೆ. ನಾಲ್ಕನೇ ವರ್ಷ ಆ ಸಾಲು ಮಾಯ! ಮಧ್ಯೆ ತುಕ್ಕಿಗೆ ಫೇಲಾದ ದಾಖಲೆಯೂ ಇಲ್ಲ. ಅದರ ಬದಲು ಹೊಸ ಸಾಲು: ಕೆಳಭಾಗಕ್ಕೆ ಅಂಡರ್‌ಸೀಲ್ ಬಳಿದಿದೆ, ಕೆಲವು ಭಾಗ ಕಾಣಿಸುತ್ತಿಲ್ಲ.

ಅಪ್ಪನಿಗೆ ಓದಿ ಹೇಳಿದೆ. “ಎಫ್‌ಸಿಗೆ ಹೊರಟ ಬಸ್ಸಿಗೆ ಮೊದಲು ಬಣ್ಣ ಬಳಿಯೋರನ್ನ ನಾನೂ ನೋಡಿದ್ದೀನಿ” ಅಂದರು. ಹಳೇ ಕಾರು ತಗೊಳ್ಳೋರು ಅಡ್ವೈಸರಿ ಇರುವ ಕಾರಿಗೆ ಹೆದರುತ್ತಾರೆ. ನಾನೀಗ ಹೆದರುವುದು, ರಿಪೇರಿಯ ರಸೀದಿ ಇಲ್ಲದೆ ಅಡ್ವೈಸರಿ ಮಾಯವಾದ ಕಾರಿಗೆ.

ಎರಡೂ ಕಡೆ ಕೊಯ್ದು ಹೊಸ ತಗಡು ವೆಲ್ಡ್ ಮಾಡಲು 950 ಪೌಂಡ್ ಅಂದ ಗ್ಯಾರೇಜಿನವನು. ಆಫೀಸಿನ ಗೆಳೆಯನೊಬ್ಬ, “ಗುರೂ, ಎಂಒಟಿ ಇನ್ನೂ 10 ತಿಂಗಳಿದೆ, ಮಾರಿಬಿಡು. ನಿನಗೆ ಹೇಗೆ ಮಾರಿದ್ರೋ ಹಾಗೆ” ಅಂದ. ಒಂದು ರಾತ್ರಿ ಮಾರಾಟಕ್ಕೆ ಹಾಕಿಯೂ ಹಾಕಿದೆ. ಏನು ಬರೆದೆ ಗೊತ್ತಾ? ‘10 ತಿಂಗಳ ಎಂಒಟಿ ಇದೆ. ಓಡಿಸಲು ಸೂಪರ್.’

ಅರ್ಧ ಗಂಟೆಯಲ್ಲಿ ಮೆಸೇಜ್ ಬಂತು. ಓದಲು ಬಂದ ಮೈಸೂರಿನ ಹುಡುಗ. ಹೆಸರು ನೋಡಿ ಕನ್ನಡದಲ್ಲೇ ಬರೆದಿದ್ದ. ಮೊದಲ ಕಾರು ಅಂತೆ. “ಅಣ್ಣಾ, ಎಂಒಟಿ ಇದೆಯಲ್ಲ, ಹಾಗಾದ್ರೆ ಸೇಫ್ ತಾನೇ?”

ರಸ್ತೆಗೆ ಯೋಗ್ಯವಲ್ಲದ ಕಾರನ್ನ ಅದನ್ನ ಮುಚ್ಚಿಟ್ಟು ಮಾರುವುದು ಇಲ್ಲಿ ಅಪರಾಧ. ಎಂಒಟಿ ಇದೆ ಅಂದ ಮಾತ್ರಕ್ಕೆ ಬಚಾವಾಗಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಕಾನೂನೇನೂ ನೆನಪಾಗಲಿಲ್ಲ. ಪಕ್ಕದ ರೂಮಿನಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸ್ತು. ಸ್ಕ್ರೂಡ್ರೈವರ್ ಸಿಕ್ಕಿಕೊಂಡಿದ್ದ ಫೋಟೋ ಅವನಿಗೆ ಕಳಿಸಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಜಾಹೀರಾತು ತೆಗೆದೆ.

ವೆಲ್ಡಿಂಗ್ ಮುಗಿಯೋಕೆ ಮೂರು ವಾರ ಆಯ್ತು. ದಿನಾ ಬಸ್ಸಿನಲ್ಲಿ ಓಡಾಡಿದೆ. ಕೆಲಸದ ಪ್ರತಿ ಹಂತದ ಫೋಟೋ, ರಸೀದಿ ಇಟ್ಟುಕೊಂಡಿದ್ದೀನಿ. ನೀರಿನ ಪೈಪು ಕಟ್ಟಿಕೊಳ್ಳದ ಹಾಗೆ ತಿಂಗಳಿಗೊಮ್ಮೆ ಸ್ವಚ್ಛ ಮಾಡ್ತೀನಿ.

ಈ ವರ್ಷದ ಪರೀಕ್ಷೆಗೆ ನಗರಸಭೆಯ ವಾಹನಗಳನ್ನ ಪರೀಕ್ಷಿಸುವ ಕೇಂದ್ರಕ್ಕೇ ಒಯ್ದೆ. ಅಂಥ ಕಡೆ ಸಾರ್ವಜನಿಕರ ಕಾರಿಗೂ ಎಂಒಟಿ ಮಾಡುತ್ತಾರೆ, ರಿಪೇರಿ ಮಾಡಲ್ಲ; ಹಾಗಾಗಿ ಫೇಲ್ ಮಾಡಿ ಕೆಲಸ ಗಿಟ್ಟಿಸುವ ಆಸೆಯೂ ಇಲ್ಲ, ಗಿರಾಕಿ ತಪ್ಪೀತೆಂಬ ದಾಕ್ಷಿಣ್ಯವೂ ಇಲ್ಲ. ಕಾನೂನಿನ ಪ್ರಕಾರ ಶುಲ್ಕ ಎಲ್ಲೂ 54.85 ಪೌಂಡ್ ದಾಟುವಂತಿಲ್ಲ. ಪಾಸಾಯ್ತು. ಸ್ಕ್ರೀನ್‌ಶಾಟ್ ಅಪ್ಪನಿಗೆ ಕಳಿಸಿದೆ, ಕೂಡಲೇ ಫೋನ್ ಬಂತು.

“ಕೆಳಗೆ ಏನೋ ಸಣ್ಣಕ್ಷರದಲ್ಲಿ ಬರೆದಿದ್ದಾರಲ್ಲೋ?”

“ಹಿಂದಿನ ಬ್ರೇಕ್ ಪೈಪಿಗೆ ಸ್ವಲ್ಪ ತುಕ್ಕು ಅಂತೆ ಅಪ್ಪ. ಅಡ್ವೈಸರಿ ಅಷ್ಟೇ.”

“ಅಷ್ಟೇ ಅಂತೆ!”

ಶನಿವಾರ ಬೆಳಗ್ಗೆ 9ಕ್ಕೆ ಗ್ಯಾರೇಜ್ ಬುಕ್ ಮಾಡಿದ್ದೀನಿ.