ಬಿಸಿಲು ಅಚ್ಚೊತ್ತುವ ಕ್ರಿಸ್‌ಮಸ್ ಪತ್ರ

ಕ್ರಿಸ್‌ಮಸ್ ಶುಭಾಶಯ ಪತ್ರ ಚಳಿನಾಡಿನ ಕೂಸು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಹಾರ್ಸ್ಲಿ ಎಂಬ ಚಿತ್ರಕಾರರಿಂದ ಚಿತ್ರ ಬರೆಸಿ ಅಚ್ಚುಹಾಕಿಸಿದ ಪತ್ರವನ್ನೇ ಮೊದಲನೆಯದೆಂದು ಎಣಿಸುವುದು ವಾಡಿಕೆ. ಅದೇ ವರ್ಷ ಅದೇ ದೇಶದಲ್ಲಿ ಆನ್ನಾ ಅಟ್ಕಿನ್ಸ್ ಎಂಬ ಸಸ್ಯಾಭ್ಯಾಸಿ ಮಹಿಳೆ ಕಡಲಪಾಚಿಗಳನ್ನು ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿ, ನೀಲಿಯ ನೆಲದಲ್ಲಿ ಬಿಳಿಯ ಚಿತ್ರಗಳುಳ್ಳ ಪುಸ್ತಕವೊಂದನ್ನು ಹೊರತರಲಾರಂಭಿಸಿದರು. ಆ ವಿಧಾನವನ್ನು ಹಿಂದಿನ ವರ್ಷವಷ್ಟೇ ಸರ್ ಜಾನ್ ಹರ್ಷೆಲ್ ಕಂಡುಹಿಡಿದಿದ್ದರು. ಇವೆರಡನ್ನೂ ಕೂಡಿಸಿ ಬಿಸಿಲಿನಿಂದಲೇ ಕ್ರಿಸ್‌ಮಸ್ ಪತ್ರವನ್ನು ಮುದ್ರಿಸಬಾರದೇಕೆ? ಲಂಡನ್ನಿನ ಡಿಸೆಂಬರಿನಲ್ಲಿ ಅದು ಕಷ್ಟ; ನಮ್ಮ ಉಳವಿಯಲ್ಲಿ ಬಹು ಸುಲಭ. (ಇದು ಚನ್ನಬಸವಣ್ಣನವರ ಉಳವಿಯಲ್ಲ, ಸೊರಬ ತಾಲ್ಲೂಕಿನದು.)

ಕಾರಣ ಸರಳವಾದುದು. ಕ್ರಿಸ್‌ಮಸ್ಸಿನ ನಡುಹಗಲಿನಲ್ಲಿ ಲಂಡನ್ನಿನ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಮೇಲಿರುತ್ತಾನೆ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ಉಳವಿಯಲ್ಲಿ ಅವನು 52 ಡಿಗ್ರಿ ಏರುತ್ತಾನೆ. ಅಲ್ಲಿ ಕಿರಣಗಳು ನಮ್ಮಲ್ಲಿಯದರ ಸುಮಾರು ಮೂರುಪಟ್ಟು ಗಾಳಿಯನ್ನು ಹಾಯ್ದು ಬರಬೇಕು. ಈ ಕೆಲಸಕ್ಕೆ ಬೇಕಾದ ಅತಿನೇರಳೆ ಕಿರಣಗಳೇ ದಾರಿಯಲ್ಲಿ ಹೆಚ್ಚಾಗಿ ಸೋರಿಹೋಗುತ್ತವೆ. ಮಲೆನಾಡಿನ ಮಳೆಗಾಲದಲ್ಲಾದರೋ ಲೇಪಿಸಿದ ಕಾಗದ ಒಣಗುವುದೇ ಇಲ್ಲ. ಡಿಸೆಂಬರಿನಲ್ಲಿ ಬೆಳಗಿನ ಮಂಜು ಕರಗಿದ ಮೇಲೆ ಹತ್ತರಿಂದ ಮೂರು ಗಂಟೆಯವರೆಗಿನ ಬಿಸಿಲು ಹೇಳಿ ಮಾಡಿಸಿದಂತಿರುತ್ತದೆ.

ಬೆಳ್ಳಿಯ ಲವಣ ಲೇಪಿಸಿದ ಛಾಯಾಚಿತ್ರ ಕಾಗದ ಈಗ ದುಬಾರಿ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾಗಿ ‘ಇಂದು’ ಹೆಸರಿನ ಸರಕನ್ನು ಮಾರುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಗಿದೆ. ಹರ್ಷೆಲ್ಲರ ವಿಧಾನಕ್ಕೆ ಬೇಕಾದುದು ಕಬ್ಬಿಣದ ಎರಡು ಲವಣಗಳು ಮಾತ್ರ. ಹಳ್ಳಿಯ ಶಾಲೆಗೂ ಇದು ಎಟುಕೀತೆಂಬುದೇ ನಮಗೆ ಇದರ ಮೇಲಿರುವ ಮೋಹಕ್ಕೆ ಕಾರಣ.

ಒಂದು ಸೀಸೆಯಲ್ಲಿ 100 ಮಿಲಿಲೀಟರ್ ನೀರಿಗೆ 25 ಗ್ರಾಂ ಹಸುರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದರಲ್ಲಿ ಅಷ್ಟೇ ನೀರಿಗೆ 10 ಗ್ರಾಂ ಪೊಟಾಸಿಯಂ ಫೆರಿಸಯನೈಡ್ ಕರಗಿಸಬೇಕು. ಎರಡನೆಯದನ್ನು ಕಾಯಿಸಲಾಗದು, ತೀವ್ರ ಆಮ್ಲದೊಡನೆ ಎಂದಿಗೂ ಬೆರೆಸಲಾಗದು, ವಿಷಾನಿಲ ಹೊರಟೀತು. ಕೈಗೆ ರಬ್ಬರ್ ಗವಸಿರಲಿ. ಮಕ್ಕಳು ಮಾಡುವಾಗ ಹಿರಿಯರು ಜೊತೆಗಿರಲಿ. ಮಂದ ಬೆಳಕಿನ ಕೋಣೆಯಲ್ಲಿ ಎರಡನ್ನೂ ಸಮಪಾಲು ಬೆರೆಸಿ, ಚಿತ್ರ ಬರೆಯುವ ದಪ್ಪ ಕಾಗದಕ್ಕೆ ಕುಂಚದಿಂದ ಬಳಿದು, ಕತ್ತಲೆಯಲ್ಲಿ ಒಣಗಿಸಬೇಕು.

ಮೇಲಿಡುವುದಕ್ಕೆ ಏನೂ ಆದೀತು: ತೋಡಿನ ಅಂಚಿನ ಜರೀಗಿಡದ ಎಲೆ, ಕೊಯ್ಲಿನ ಭತ್ತದ ತೆನೆ, ಕಪ್ಪು ಕಾಗದದಲ್ಲಿ ಕತ್ತರಿಸಿದ ನಕ್ಷತ್ರ. ಮನೆಯವರ ಚಿತ್ರವೇ ಬೇಕೆಂದರೆ, ಮೊಬೈಲಿನಲ್ಲಿ ತೆಗೆದ ಚಿತ್ರದ ಕಪ್ಪುಬಿಳುಪನ್ನು ಅದಲುಬದಲು ಮಾಡಿ, ಪತ್ರದ ಅಳತೆಗೇ ಪಾರದರ್ಶಕ ಹಾಳೆಯ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಬಹುದು. ಕಪ್ಪು ಸಾಲದಿದ್ದರೆ ಅಂಥ ಎರಡು ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸಿದರಾಯಿತು.

ಇಲ್ಲೊಂದು ಸ್ವಾರಸ್ಯವುಂಟು. ಸೂರ್ಯಬಿಂಬದ ಅಗಲ ಅರ್ಧ ಡಿಗ್ರಿ. ಎಲೆ ಕಾಗದದಿಂದ ಒಂದು ಸೆಂಟಿಮೀಟರ್ ಮೇಲೆದ್ದಿದ್ದರೂ ನೆರಳಿನ ಅಂಚು ಮಸುಕಾಗುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ. ಹಾಗಿದ್ದೂ ಚಿತ್ರ ಅದಕ್ಕಿಂತ ಹೆಚ್ಚು ಮಂಕಾಗಿ ಮೂಡುವುದೇಕೆ? ಅತಿನೇರಳೆ ಕಿರಣಗಳ ಬಹುಪಾಲನ್ನು ಗಾಳಿಯ ಅಣುಗಳು ಚದುರಿಸಿಬಿಡುತ್ತವೆ. ಸೂರ್ಯನೊಬ್ಬನೇ ಅಲ್ಲ, ಇಡೀ ನೀಲಾಕಾಶವೇ ದೀಪವಾಗಿ ಎಲೆಯ ಅಡಿಗೂ ಬೆಳಕು ತೂರಿಸುತ್ತದೆ. ಆದಕಾರಣ ಎಲೆಯನ್ನು ಪುಸ್ತಕದ ನಡುವೆ ಅದುಮಿ ಚಪ್ಪಟೆಮಾಡಿ, ಮೇಲೆ ಗಾಜು ಬಿಗಿದು ಬಿಸಿಲಿಗಿಡಬೇಕು. ಸಾಧಾರಣ ಗಾಜು ಈ ಕೆಲಸಕ್ಕೆ ಅಡ್ಡಿಯಾಗದು.

ಹತ್ತು ನಿಮಿಷದ ಆಸುಪಾಸಿನಲ್ಲಿ ಹಳದಿ ಹಸುರಾಗಿದ್ದ ಕಾಗದ ನೀಲಿಗೆ ತಿರುಗಿ, ಕೊನೆಗೆ ಬೂದಿ ಬಣ್ಣ ತಳೆಯುತ್ತದೆ. ಬೆಳಕು ಬಿದ್ದೆಡೆ ಫೆರಿಕ್ ಕಬ್ಬಿಣ ಫೆರಸ್ ಆಗಿ, ಫೆರಿಸಯನೈಡಿನೊಡನೆ ಸೇರಿ ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿಯಾಗಿರುತ್ತದೆ. ಈಗ ಕಾಗದವನ್ನು ಬಾವಿಯ ನೀರಿನಲ್ಲಿ, ಹಳದಿ ಇಳಿದುಹೋಗುವವರೆಗೆ ತೊಳೆಯಬೇಕು; ನೆರಳಿನಲ್ಲಿದ್ದ ಲವಣ ಕರಗಿ ಬಿಳಿಯ ಎಲೆ ಮೂಡುತ್ತದೆ. ಸಾಬೂನು ಸೋಕಿದರೆ ಕೆಟ್ಟಿತು. ಕ್ಷಾರಕ್ಕೆ ಪ್ರಷ್ಯನ್ ನೀಲಿ ತಾಳದು.

ಪತ್ರವನ್ನು ಪಡೆದವರು ಅದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಕೆಲಕಾಲದಲ್ಲಿ ಬಣ್ಣ ಕುಂದುತ್ತದೆ. ಅದಕ್ಕೆ ಔಷಧ ಕತ್ತಲೆಯೇ: ಕೆಲವು ದಿನ ಪೆಟ್ಟಿಗೆಯಲ್ಲಿಟ್ಟು ತೆಗೆದರೆ, ಗಾಳಿಯ ಆಮ್ಲಜನಕದಿಂದ ನೀಲಿ ಬಹುಮಟ್ಟಿಗೆ ಮರಳಿ ಬಂದಿರುತ್ತದೆ.