ಚಿಗರಿ ಎಣಿಸುವ ಕಣ್ಣು

ಆದವಾನಿ, ಆಲೂರು ಕಡೆಯ ರೈತರಿಗೆ ಚಿಗರಿ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ತೆಲುಗಿನಲ್ಲಿ ಕೃಷ್ಣಜಿಂಕ, ಪುಸ್ತಕದ ಕನ್ನಡದಲ್ಲಿ ಕೃಷ್ಣಮೃಗ. ಹೆಸರು ಯಾವುದಾದರೇನು, ಶೇಂಗಾ ಮೊಳಕೆ ಮೇಯುವ ಬಾಯಿ ಒಂದೇ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಲೂಬಾರದು. ಆದರೆ ಬೆಳೆಹಾನಿ ಬರೆಸಲು ಹೋದರೆ, ‘ಎಷ್ಟು ಬಂದಿದ್ವಪ್ಪಾ?’ ಅಂತಾರೆ. ಜಿಗಿದು ಓಡುವ ಹಿಂಡನ್ನು ಎಣಿಸೋದು ಹೆಂಗೆ?

ಇದೇ ತೊಡಕು ವಿಜ್ಞಾನಿಗಳಿಗೂ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಕಾಂಕ್ಷಾ ರಾಠೋರ್, ವಿಶ್ವೇಶ ಗುತ್ತಲ್ ಮತ್ತು ಸಂಗಡಿಗರು ಗುಜರಾತಿನ ವೇಳಾವದರ ಹುಲ್ಲುಗಾವಲಿನ ಚಿಗರಿಗಳನ್ನು ಡ್ರೋನ್‌ನಿಂದ ಚಿತ್ರೀಕರಿಸಿದರು. ಹಿಂಡು ಹೇಗೆ ಕೂಡುತ್ತದೆ, ಬೆದರಿದಾಗ ಹೇಗೆ ತಿರುಗುತ್ತದೆ ಎಂಬುದು ಅವರ ಕುತೂಹಲ. ವಿಡಿಯೊ ಅಂದರೆ ಸೆಕೆಂಡಿಗೆ ಸುಮಾರು 30 ಚಿತ್ರ. ಹತ್ತು ನಿಮಿಷಕ್ಕೆ 18,000. ಪ್ರತಿ ಚಿತ್ರದಲ್ಲೂ ಒಂದೊಂದು ಚಿಗರಿಯನ್ನು ಕೈಯಿಂದ ಗುರುತಿಸುತ್ತ ಕೂತರೆ ಆಯುಷ್ಯ ಸಾಲದು!

ಅದಕ್ಕೇ ಕಂಪ್ಯೂಟರಿಗೆ ನೋಡಲು ಕಲಿಸಿದರು. ಆ ಕ್ರಮವನ್ನು 2023ರಲ್ಲಿ ಪ್ರಕಟಿಸಿದರು. ಮೊದಲು ಕಂಪ್ಯೂಟರು ನೆಲದ ಬಣ್ಣಕ್ಕಿಂತ ಬೇರೆಯಾಗಿ ಕಾಣುವ ಚುಕ್ಕೆಗಳನ್ನು ಹೆಕ್ಕುತ್ತದೆ. ಅದರಲ್ಲಿ ಕಲ್ಲು, ಪೊದೆ, ನೆರಳು ಎಲ್ಲಾ ಬರ್ತಾವೆ. ‘ಇದು ಚಿಗರಿ, ಇದು ಅಲ್ಲ’ ಎಂದು ಮನುಷ್ಯರು ಮೊದಲೇ ಗುರುತು ಹಾಕಿಕೊಟ್ಟ ಚಿತ್ರಗಳಿಂದ ಕಲಿತ ಬುದ್ಧಿಯಿಂದ ಅದು ಜೊಳ್ಳನ್ನು ತೂರಿ ಗಟ್ಟಿಯನ್ನು ಉಳಿಸಿಕೊಳ್ಳುತ್ತದೆ. ಕಡೆಗೆ, ಈ ಚಿತ್ರದ ಚಿಗರಿ ಮುಂದಿನ ಚಿತ್ರದಲ್ಲಿ ಎಲ್ಲಿರಬಹುದು ಎಂದು ಅಂದಾಜು ಮಾಡಿ, ಹತ್ತಿರದ್ದಕ್ಕೆ ಗಂಟು ಹಾಕುತ್ತದೆ. ಹೀಗೆ ಪ್ರತಿಯೊಂದರ ಹೆಜ್ಜೆಯ ದಾರಿ ಸಿಗುತ್ತದೆ. ಎರಡು ಒತ್ತಿಕೊಂಡು ದಾಟಿದಾಗ ಇದರ ಗುರುತು ಅದಕ್ಕೆ ಹೋಗಿಬಿಡುವುದೂ ಉಂಟು. ಸಂತೆಯಲ್ಲಿ ಕುರಿ ಅದಲುಬದಲಾದಂಗೆ. ಇದೇ ಕ್ರಮದಿಂದ ಗೂಡಿನ ಮೇಲಿನ ಕಣಜಗಳ ಓಡಾಟವನ್ನೂ ಹಿಂಬಾಲಿಸಿದ್ದಾರೆ.

ಹೆಣ್ಣು, ಮರಿಗಳ ಮೈಬಣ್ಣ ಒಣಹುಲ್ಲಿನದು. ಅಲ್ಲಿ ಅವು ಕರಗಿಹೋಗುವುದೇ ದೊಡ್ಡ ಕಷ್ಟ. ನಮ್ಮ ಎರೆಹೊಲದಲ್ಲಾದರೆ ಉಲ್ಟಾ. ಹೆಣ್ಣು ಎದ್ದು ಕಾಣ್ತಾವೆ, ಕರೀ ಗಂಡುಗಳೇ ಮಣ್ಣಲ್ಲಿ ಮಾಯ. ವೇಳಾವದರದಲ್ಲಿ ಕಲಿತ ಕಣ್ಣು ಇಲ್ಲಿ ನೇರವಾಗಿ ನಡೆಯಲಾರದು ಅಂತ ನನ್ನ ಎಣಿಕೆ. ಮೇಲಾಗಿ ನಮ್ಮ ಹೊಲಕ್ಕೆ ಅವು ಇಳಿಯೋದು ಮೊಬ್ಬಿನಲ್ಲಿ; ಬಣ್ಣ ನಂಬಿದ ಲೆಕ್ಕಕ್ಕೆ ಬೆಳಕು ಬೇಕು. ಇಲ್ಲಿಯ ಚಿತ್ರಗಳನ್ನೇ ತೋರಿಸಿ ಅದಕ್ಕೆ ಹೊಸದಾಗಿ ಕಲಿಸಬೇಕು. ಯಾರಾದರೂ ಕಾಲೇಜು ಹುಡುಗರು ಡ್ರೋನ್ ಹಿಡಿದು, ಅಪ್ಪಣೆ ಪಡೆದು ಬರುವುದಾದರೆ ನನ್ನ ಶೇಂಗಾ ಹೊಲ ಐತಿ, ಬದುವಿನ ಮೇಲೆ ಬೇವಿನ ನೆರಳೂ ಐತಿ.