ಕೇದಾರದ ಬೆನ್ನಿಗಿರುವ ಶಿಖರ

ಹವಳಗಾ, ಅಫಜಲಪುರದ ಕಡೆಯಿಂದ ಕೇದಾರಕ್ಕೆ ಹೋಗಿಬಂದವರು ಗುಡಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ತೋರಿಸುತ್ತಾರೆ. ದರ್ಶನದ ಸರದಿ, ಚಳಿ, ಕುದುರೆಯವರು ಕೇಳಿದ ದುಡ್ಡು ಎಲ್ಲ ಹೇಳುತ್ತಾರೆ. ಗುಡಿಯ ಹಿಂದೆ ಆಕಾಶಕ್ಕೆ ಎದ್ದ ಬಿಳಿ ಗೋಡೆಯ ಮಾತು ಮಾತ್ರ ಬರುವುದಿಲ್ಲ. ಅದೇ ಕೇದಾರನಾಥ ಶಿಖರ, ಎತ್ತರ 6,940 ಮೀಟರ್. ಗುಡಿ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮೇಲಕ್ಕೆ ಇನ್ನೂ ಹೆಚ್ಚುಕಡಿಮೆ ಅಷ್ಟೇ ಬೆಟ್ಟವಿದೆ.

ನಮ್ಮ ಭಾಗದ ವೀರಶೈವ ಮನೆಗಳಿಗೆ ಕೇದಾರ ಪರಸ್ಥಳವಲ್ಲ. ಪಂಚಪೀಠಗಳಲ್ಲಿ ಒಂದು ಅಲ್ಲಿಯ ಊಖೀಮಠದಲ್ಲಿದೆ. ಗುಡಿಯ ಮುಖ್ಯಸ್ಥರಾದ ರಾವಲರು ವೀರಶೈವ ಪರಂಪರೆಯವರು. ಪೂಜೆಗೆ ಕನ್ನಡ ನಾಡಿನಿಂದ ಅರ್ಚಕರು ಹೋಗುತ್ತಾರೆ. ಹಿಮ ಬಿದ್ದು ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿ ಊಖೀಮಠಕ್ಕೆ ಇಳಿಯುತ್ತದೆ. ಇಷ್ಟು ಹತ್ತಿರದ ನಂಟಿದ್ದೂ ಆ ಬೆಟ್ಟವನ್ನು ನಾವು ತಿಳಿದುಕೊಂಡಿಲ್ಲವಲ್ಲ ಎಂಬುದು ನನ್ನ ಸಂಕಟ.

ಶಿಖರದ ಸುತ್ತಲೂ ಹಿಮನದಿಗಳು. ಒಂದು ಬದಿಗೆ ಗಂಗೋತ್ರಿಯನ್ನು ಕೂಡುವ ಕೀರ್ತಿ ಹಿಮನದಿ, ಗುಡಿಯ ಬದಿಗೆ ಚೋರಾಬಾರಿ. ಬೆಟ್ಟ ಹತ್ತಿದವರು ಬಂದದ್ದು ಗುಡಿಯ ಕಡೆಯಿಂದಲ್ಲ, ಗಂಗೋತ್ರಿಯ ಕಡೆಯಿಂದ. 1947ರಲ್ಲಿ ಆಂದ್ರೆ ರಾಕ್ ಅವರ ಸ್ವಿಸ್ ತಂಡ ಬಂದಾಗ ಮೊದಲ ಯತ್ನದಲ್ಲೇ ಅನಾಹುತವಾಯಿತು. ಶೆರ್ಪಾಗಳ ಮುಖಂಡ ವಾಂಗ್ದಿ ನೋರ್ಬು ಮತ್ತು ಆಲ್ಫ್ರೆಡ್ ಸುಟರ್ ಒಂದೇ ಹಗ್ಗದಲ್ಲಿ ಜಾರಿಬಿದ್ದರು. ಕಾಲು ಮುರಿದ ವಾಂಗ್ದಿ ಆ ರಾತ್ರಿಯನ್ನು ಹಿಮದಲ್ಲಿ ಒಬ್ಬನೇ ಕಳೆದ. ಮರುದಿನ ಅವನನ್ನು ಇಳಿಸಿ ತಂದವರಲ್ಲಿ ತೇನ್‌ಸಿಂಗ್ ಒಬ್ಬ. ವಾಂಗ್ದಿಯ ಜಾಗಕ್ಕೆ ಮುಖಂಡನಾದವನೂ ಅವನೇ. ಆ ಜುಲೈನಲ್ಲೇ ತಂಡದೊಂದಿಗೆ ಕೇದಾರನಾಥದ ನೆತ್ತಿ ಮುಟ್ಟಿದ. ಅವನು ಎವರೆಸ್ಟ್ ಏರಲು ಇನ್ನೂ ಆರು ವರ್ಷ ಬಾಕಿ ಇತ್ತು.

ಚೋರಾಬಾರಿಯ ಕೆಳತುದಿಗೆ ಹೋದವರಿಗೆ ಮೊದಲು ಹಿಮ ಕಾಣುವುದೇ ಇಲ್ಲ. ಮಣ್ಣು, ಕಪ್ಪು ಕಲ್ಲುಗಳ ರಾಶಿ. ಅದು ಕುಸಿದ ಕಡೆ ಮಾತ್ರ ಒಳಗಿನ ನೀಲಿ ಬರ್ಫ ಇಣುಕುತ್ತದೆ. ಅಲ್ಲಿ ಹುಟ್ಟುವ ಮಂದಾಕಿನಿಯ ನೀರು ಬೂದಿ ಕದಡಿದಂತೆ ಮಬ್ಬು. ಬರ್ಫ ಜರುಗುತ್ತ ಅಡಿಯ ಬಂಡೆಯನ್ನು ಅರೆದ ಪುಡಿ ಅದು. ನಮ್ಮ ಭೀಮೆ ಸಹ್ಯಾದ್ರಿಯ ಮಳೆ ನಂಬಿದವಳು, ಬೇಸಿಗೆಗೆ ಬಡವಾಗುತ್ತಾಳೆ. ಮಂದಾಕಿನಿಗೆ ಬಿಸಿಲೇರಿದಷ್ಟೂ ನೀರು.

ಆ ನೀರು 2013ರಲ್ಲಿ ಏನು ಮಾಡಿತೆಂಬುದು ಎಲ್ಲರಿಗೂ ನೆನಪಿದೆ. ಹೇಗೆ ಮಾಡಿತೆಂಬುದು ಗೊತ್ತಿರುವುದು ಕೆಲವರಿಗೆ. ಜೂನ್ 15ರ ಸಂಜೆಯಿಂದ 16ರ ಸಂಜೆಯೊಳಗೆ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ಚೋರಾಬಾರಿ ಶಿಬಿರದಲ್ಲಿ 325 ಮಿಲಿಮೀಟರ್ ಮಳೆ ದಾಖಲಾಯಿತು. ಅಫಜಲಪುರದಲ್ಲಿ ಇಡೀ ಮುಂಗಾರಿನಲ್ಲಿ ಬೀಳುವುದರ ದೊಡ್ಡ ಪಾಲು ಒಂದೇ ದಿನ ಸುರಿದಂತೆ. ಮಳೆಯ ಜೊತೆಗೆ ಕರಗಿದ ಹಿಮವೂ ಸೇರಿ, ಹಿಮನದಿಯ ಮಗ್ಗುಲಿನ ಚೋರಾಬಾರಿ ಕೆರೆ ತುಂಬಿತು. ಗಾಂಧೀಜಿಯ ಚಿತಾಭಸ್ಮ ವಿಸರ್ಜಿಸಿದ ಕಾರಣಕ್ಕೆ ಗಾಂಧಿ ಸರೋವರವೆಂದು ಹೆಸರಾದ ಕೆರೆ ಅದು. ಅದನ್ನು ತಡೆದಿದ್ದದ್ದು ಹಿಮನದಿ ತಂದು ಸುರಿದ ಸಡಿಲ ಕಲ್ಲುಮಣ್ಣಿನ ಏರಿ. 17ರ ಬೆಳಿಗ್ಗೆ ಏರಿ ಒಡೆಯಿತು. ಉರುಳಿಬಂದ ಬಂಡೆಯೊಂದು ಗುಡಿಯ ಹಿಂದೆ ನಿಂತು ಪ್ರವಾಹ ಇಬ್ಭಾಗವಾಯಿತು. ಗುಡಿ ಉಳಿಯಿತು, ಪೇಟೆ ಉಳಿಯಲಿಲ್ಲ. ಸಾವಿರಾರು ಜನ ಹೋದರು.

ಆ ಬಂಡೆಗೆ ಈಗ ಪೂಜೆ ನಡೆಯುತ್ತದೆ, ನಡೆಯಲಿ. ಆದರೆ ನಮ್ಮ ಊರುಗಳಿಂದ ಯಾತ್ರೆಗೆ ಜನರನ್ನು ಕರೆದೊಯ್ಯುವವರು ಕೆರೆ ಒಡೆದ ಕಥೆಯನ್ನೂ ಹೇಳಬೇಕು. ಮಳೆ ಜೋರಾದರೆ ಎತ್ತ ಓಡಬೇಕು, ಹೊಳೆಯ ದಂಡೆಯಲ್ಲಿ ಏಕೆ ತಂಗಬಾರದು ಎಂಬುದನ್ನು ಬಸ್ ಹತ್ತುವ ಮೊದಲೇ ತಿಳಿಸಬೇಕು.